ನಿರ್ಜನ ಎಂಬ ಮಾತು: ನಂದಾದೇವಿಯ ಹಿಮಕಣಿವೆಯನ್ನು ಓದುವ ಬಗೆ

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗ ಇದೆ.)

ನನ್ನ ಧ್ವನಿ ಕೇಳಿಸ್ತದೆ ಅಂದುಕೊಳ್ಳುತ್ತೇನೆ. ಇಲ್ಲಿ ಕಾಸರಗೋಡಿನಲ್ಲಿ ಬೆಳಗ್ಗಿನಿಂದ ಮಳೆ, ಕರೆಂಟು ಹೋಗಿ ಬರ್ತಾ ಇದೆ. ಮಧ್ಯದಲ್ಲಿ ನಾನು ಕಾಣೆಯಾದರೆ ದಯವಿಟ್ಟು ಎರಡು ನಿಮಿಷ ಕಾಯಿರಿ.

ಕಡಲ ಕರೆಯಲ್ಲಿ ಕೂತು ಹಿಮನದಿಯ ಬಗ್ಗೆ ಮಾತಾಡಲಿಕ್ಕೆ ಹೊರಟಿದ್ದೇನೆ. ಇದು ನನಗೇ ಸ್ವಲ್ಪ ತಮಾಷೆಯಾಗಿ ಕಾಣ್ತದೆ. ನಮ್ಮ ಕನ್ನಡದಲ್ಲಿ 'ಮಂಜು' ಎಂದರೆ ಬೆಳಗಿನ ಹೊತ್ತು ಅಡಿಕೆ ತೋಟದ ಮೇಲೆ ನಿಲ್ಲುವುದೂ ಹೌದು, ಹುಲ್ಲಿನ ತುದಿಯಲ್ಲಿ ಕೂರುವುದೂ ಹೌದು, ಹಿಮಾಲಯದಲ್ಲಿ ಬೀಳುವುದೂ ಹೌದು. ಮೂರಕ್ಕೂ ಒಂದೇ ಪದ ಸಾಕಾಗುವ ಊರು ನಮ್ಮದು. ಹಾಗಾಗಿ ಹಿಮದ ನಾಡಿನ ಬಗ್ಗೆ ಬಂದ ಪುಸ್ತಕವನ್ನು ಓದುವಾಗ ನಾವು ಹೆಚ್ಚಾಗಿ ಬೆರಗಿನಿಂದ ಓದುತ್ತೇವೆ. ಪ್ರಶ್ನೆ ಕೇಳುವುದು ಕಡಿಮೆ. ಇವತ್ತು ಪ್ರಶ್ನೆ ಕೇಳಿ ನೋಡೋಣ ಅಂತ.

ನಾನು ಆರಿಸಿಕೊಂಡದ್ದು ಉತ್ತರಾಖಂಡದ ಚಮೋಲಿ ಜಿಲ್ಲೆಯ ನಂದಾದೇವಿ ಕಣಿವೆ, ಮತ್ತು ಅದರ ಬಗ್ಗೆ ಎರಿಕ್ ಶಿಪ್ಟನ್ 1936ರಲ್ಲಿ ಪ್ರಕಟಿಸಿದ 'ನಂದಾದೇವಿ' ಎಂಬ ಪುಸ್ತಕ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪುಸ್ತಕಗಳಲ್ಲಿ ಬರುವ 'ಯಾರೂ ಕಾಲಿಡದ', 'ನಿರ್ಜನ' ಎಂಬ ಮಾತುಗಳನ್ನು ನಾವು ವರ್ಣನೆ ಎಂದು ಓದಿಕೊಳ್ಳುತ್ತೇವೆ. ಅವು ಹಕ್ಕಿನ ಮಾತುಗಳು. ಒಂದು ಭೂಮಿ ಯಾರದ್ದು, ಯಾರು ಒಳಗೆ ಹೋಗಬಹುದು, ಯಾರು ಹೊರಗೆ ನಿಲ್ಲಬೇಕು ಎಂಬ ತೀರ್ಮಾನ ಆ ಮಾತಿನೊಳಗೆ ಸದ್ದಿಲ್ಲದೆ ಕೂತಿರುತ್ತದೆ.

1. ಮೊದಲು ಭೂಮಿ

ಪುಸ್ತಕಕ್ಕೆ ಹೋಗುವ ಮೊದಲು ಜಾಗವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ನಂದಾದೇವಿ ಶಿಖರದ ಎತ್ತರ 7,816 ಮೀಟರ್. ಅದಕ್ಕೆ ಅಂಟಿಕೊಂಡೇ ಇರುವ ಪೂರ್ವ ಶಿಖರ 7,434 ಮೀಟರ್. ಈ ಜೋಡಿ ಶಿಖರಗಳ ಸುತ್ತ ಸುಮಾರು 110 ಕಿಲೋಮೀಟರ್ ಸುತ್ತಳತೆಯ ಒಂದು ಬೆಟ್ಟಸಾಲು ಬಳೆಯ ಹಾಗೆ ನಿಂತಿದೆ. ತ್ರಿಶೂಲ (7,120 ಮೀ.), ದುನಾಗಿರಿ (7,066 ಮೀ.), ಚಾಂಗಾಬಾಂಗ್ (6,864 ಮೀ.) ಎಲ್ಲ ಆ ಬಳೆಯ ಮೇಲಿನವು. ಈ ಸುತ್ತುಗೋಡೆಯಲ್ಲಿ 5,000 ಮೀಟರಿಗಿಂತ ಕೆಳಗೆ ಇಳಿಯುವ ತಗ್ಗು ಬಹುತೇಕ ಇಲ್ಲ. ಪಶ್ಚಿಮದಲ್ಲಿ ಒಂದೇ ಒಂದು ಸೀಳು ಉಂಟು. ಅದು ಋಷಿಗಂಗೆಯ ಕಮರಿ. ಒಳಗೆ ಬಿದ್ದ ಹಿಮ, ಕರಗಿದ ನೀರು, ಉರುಳಿದ ಕಲ್ಲು, ಎಲ್ಲವೂ ಆ ಒಂದು ಬಾಗಿಲಿನಿಂದಲೇ ಹೊರಗೆ ಬರಬೇಕು.

ಒಳಗಿನ ಜಾಗವನ್ನು ಎರಡು ಅಂಗಳ ಎಂದು ಹೇಳುವುದು ರೂಢಿ. ಪೂರ್ವದ ದೊಡ್ಡ ಭಾಗ ಒಳ ಅಂಗಳ. ಅಲ್ಲಿ ಉತ್ತರದಲ್ಲಿ ಚಾಂಗಾಬಾಂಗ್, ಉತ್ತರಿ ಋಷಿ, ಉತ್ತರಿ ನಂದಾದೇವಿ ಎಂಬ ಹಿಮನದಿಗಳು. ದಕ್ಷಿಣದಲ್ಲಿ ದಕ್ಷಿಣಿ ನಂದಾದೇವಿ, ದಕ್ಷಿಣಿ ಋಷಿ. ಪಶ್ಚಿಮದ ಸಣ್ಣ ಭಾಗ ಹೊರ ಅಂಗಳ. ಅಲ್ಲಿ ರಮಣಿ, ಬೇತಾರ್‌ತೋಲಿ, ತ್ರಿಶೂಲ ಹಿಮನದಿಗಳು. ಎರಡಕ್ಕೂ ನಡುವೆ ಕಮರಿಯ ಅತ್ಯಂತ ಕಠಿಣವಾದ ತುಂಡು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ನಮ್ಮ ಪಯಸ್ವಿನಿಯನ್ನು ನೆನೆಸಿಕೊಳ್ಳಿ. ಕೊಡಗಿನ ಬೆಟ್ಟದಲ್ಲಿ ಇಕ್ಕಟ್ಟಾಗಿ ಹುಟ್ಟಿ, ಸುಳ್ಯ ದಾಟಿ, ಚಂದ್ರಗಿರಿ ಎಂಬ ಹೆಸರು ಹೊತ್ತು ಕಡಲಿಗೆ ಸೇರುವಾಗ ಅಗಲವಾಗಿರ್ತದೆ. ಹೊಳೆ ಎಂದರೆ ಮೇಲೆ ಇಕ್ಕಟ್ಟು, ಕೆಳಗೆ ಅಗಲ ಅಂತ ನಮ್ಮ ಕಣ್ಣಿಗೆ ಅಭ್ಯಾಸ. ಋಷಿಗಂಗೆಯ ಕಣಿವೆಯಲ್ಲಿ ಇದು ತಿರುಗುಮುರುಗು. ಮೇಲಿನ ಭಾಗವನ್ನು ಕೊರೆದದ್ದು ಹಿಮನದಿ. ಅದು ಇಡೀ ಕಣಿವೆಯನ್ನು ತುಂಬಿಕೊಂಡು, ತಳವನ್ನೂ ಗೋಡೆಗಳನ್ನೂ ಒಟ್ಟಿಗೆ ಉಜ್ಜುತ್ತಾ ಜಾರುವುದರಿಂದ ಕಣಿವೆ ದೋಣಿಯ ಹೊಟ್ಟೆಯ ಹಾಗೆ ಅಗಲವಾಗ್ತದೆ. ಕೆಳಗಿನ ಭಾಗವನ್ನು ಕೊರೆದದ್ದು ನೀರು. ನೀರು ಗರಗಸದ ಹಾಗೆ ಒಂದೇ ಗೆರೆಯಲ್ಲಿ ಕೆಳಕ್ಕೆ ಕೊಯ್ಯುತ್ತದೆ. ಆದ್ದರಿಂದ ಮೇಲೆ ಹುಲ್ಲುಗಾವಲು, ಕೆಳಗೆ ಕಮರಿ. ಊರು ಇರುವುದು ಕಮರಿಯ ಕೆಳಗೆ. ಊರಿನವನಿಗೆ ಮೇಲಿನ ಅಂಗಳ ಕಾಣುವುದಿಲ್ಲ. ಮೇಲಿನ ಅಂಗಳದಲ್ಲಿ ನಿಂತವನಿಗೆ ಊರು ಕಾಣುವುದಿಲ್ಲ. ಈ ಎರಡು 'ಕಾಣದಿರುವಿಕೆ'ಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಬೇಕಾಗ್ತದೆ.

ಇನ್ನೊಂದು ಮಾತು. ಹಿಮನದಿ ಅಂದ ಕೂಡಲೇ ನಮಗೆ ಬೆಳ್ಳಗಿನ ಏನೋ ಕಣ್ಣಿಗೆ ಬರ್ತದೆ, ಕ್ಯಾಲೆಂಡರಿನ ಚಿತ್ರದಿಂದ. ಹಿಮನದಿಯ ಕೆಳತುದಿ ಬಹಳ ಕಡೆ ಬೂದು, ಕಪ್ಪು. ಬದಿಯ ಬಂಡೆಗಳಿಂದ ಉದುರಿದ ಕಲ್ಲುಮಣ್ಣು ಮೈತುಂಬ ಹೊದ್ದುಕೊಂಡು, ಕಲ್ಲುಕೋರೆಯ ಹಾಗೆ ಕಾಣ್ತದೆ. ಆ ಹೊದಿಕೆಯ ಅಡಿಯಲ್ಲಿ ನೀರ್ಗಲ್ಲು. ಅದು ತಂದು ಅಂಚಿನಲ್ಲಿ ರಾಶಿ ಹಾಕುವ ದಿಬ್ಬಗಳಿಗೆ ಮೊರೇನ್ ಎನ್ನುತ್ತಾರೆ. ಹಿಮನದಿ ಎಂದರೆ ನೀರಿನ ಕತೆ ಎಷ್ಟೋ ಕಲ್ಲಿನ ಕತೆಯೂ ಅಷ್ಟೇ.

2. ಶಿಪ್ಟನ್ ಕಂಡದ್ದು

ಈ ಬಾಗಿಲಿಲ್ಲದ ಕೋಟೆ ಪರ್ವತಾರೋಹಿಗಳನ್ನು ಐವತ್ತು ವರ್ಷ ಕಾಡಿತು. 1883ರಲ್ಲಿ ಡಬ್ಲ್ಯು. ಡಬ್ಲ್ಯು. ಗ್ರಹಾಂ ಕಮರಿಯಲ್ಲಿ ಪ್ರಯತ್ನಿಸಿ ಹಿಂದೆ ಬಂದರು. 1905ರಲ್ಲಿ ಟಾಮ್ ಲಾಂಗ್‌ಸ್ಟಾಫ್ ಸುತ್ತುಗೋಡೆಯ ಪೂರ್ವದ ತಗ್ಗಿನಿಂದ ಒಳಗೆ ಇಣುಕಿ ನೋಡಿದರು, ಇಳಿಯಲಾಗಲಿಲ್ಲ. 1932ರಲ್ಲಿ ಹ್ಯೂ ರಟ್ಲೆಜ್ ದಕ್ಷಿಣದ ಗೋಡೆಯ ತನಕ ಹೋಗಿ ಸೋತರು. ಒಳ ಅಂಗಳವನ್ನು ತಲುಪುವುದು ಉತ್ತರ ಧ್ರುವಕ್ಕಿಂತ ಕಷ್ಟ ಎಂಬರ್ಥದ ಅವರ ಮಾತು ಆ ಕಾಲದಲ್ಲಿ ಪ್ರಸಿದ್ಧವಾಯಿತು.

1934ರಲ್ಲಿ ಎರಿಕ್ ಶಿಪ್ಟನ್, ಎಚ್. ಡಬ್ಲ್ಯು. ಟಿಲ್‌ಮನ್, ಮತ್ತು ಮೂವರು ಶೆರ್ಪಾಗಳು (ಆಂಗ್ ಥಾರ್ಕೆ, ಪಸಾಂಗ್, ಕುಸಾಂಗ್) ಕಮರಿಯನ್ನು ದಾಟಿ ಒಳಗೆ ಹೋದರು. ಮಳೆಗಾಲಕ್ಕೆ ಮೊದಲು ಒಮ್ಮೆ ಹೋಗಿ ಉತ್ತರ ಭಾಗ ನೋಡಿದರು. ಮಳೆಗಾಲದ ನಡುವೆ ಬದರಿ-ಕೇದಾರ ಕಡೆ ಸುತ್ತಾಡಿ, ಮತ್ತೆ ಬಂದು ದಕ್ಷಿಣ ಭಾಗ ನೋಡಿ, ಸುಂದರಡೂಂಗಾ ಕಡೆಯ ಗೋಡೆ ಹತ್ತಿ ಹೊರಗಿಳಿದರು. ಎರಡು ವರ್ಷದ ನಂತರ, 1936ರ ಆಗಸ್ಟ್ 29ರಂದು, ಟಿಲ್‌ಮನ್ ಮತ್ತು ನೋಯೆಲ್ ಓಡೆಲ್ ಶಿಖರವನ್ನೇ ಏರಿದರು. 1950ರಲ್ಲಿ ಅನ್ನಪೂರ್ಣಾ ಏರುವ ತನಕ ಮನುಷ್ಯ ತುದಿ ಮುಟ್ಟಿದ ಅತಿ ಎತ್ತರದ ಶಿಖರ ಅದೇ.

ಶಿಪ್ಟನ್ ಪುಸ್ತಕದ ದೊಡ್ಡ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಒಂದು, ಅದು ಗೆಲುವಿನ ಪುಸ್ತಕ ಅಲ್ಲ. ಆ ಕಾಲದ ಎವರೆಸ್ಟ್ ತಂಡಗಳು ನೂರಾರು ಹೊರೆಯಾಳುಗಳನ್ನು ಕಟ್ಟಿಕೊಂಡು ದಂಡು ಹೋದ ಹಾಗೆ ಹೋಗುತ್ತಿದ್ದವು. ಇವರು ಐದು ಜನ, ಕಡಿಮೆ ದುಡ್ಡು, ಕಡಿಮೆ ಸಾಮಾನು. ಆ ಮಿತವ್ಯಯ ಗದ್ಯಕ್ಕೂ ಇಳಿದಿದೆ. ಎರಡು, ಶಿಪ್ಟನ್‌ಗೆ ಭೂಮಿ ಓದಲಿಕ್ಕೆ ಬರ್ತದೆ. ಈ ತೊರೆ ಎಲ್ಲಿಂದ ಬಂತು, ಈ ಗೋಡೆಯ ಹಿಂದೆ ಯಾವ ಹಿಮನದಿ ಇರಬೇಕು ಎಂದು ಊಹಿಸಿ, ನಡೆದು ನೋಡಿ, ತಪ್ಪಾದರೆ ತಪ್ಪಾಯಿತು ಎನ್ನುತ್ತಾರೆ. ಮೂರು, ಶೆರ್ಪಾಗಳಿಗೆ ಪುಸ್ತಕದಲ್ಲಿ ಹೆಸರು ಉಂಟು, ಸ್ವಭಾವ ಉಂಟು, ನಗು ಉಂಟು. 1930ರ ದಶಕದ ಪರ್ವತ ಸಾಹಿತ್ಯದಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಒಳ ಅಂಗಳಕ್ಕೆ ಬಂದಾಗ ಅವರು ಕಂಡದ್ದು ಹಿಮದ ಮರುಭೂಮಿ ಅಲ್ಲ, ಹುಲ್ಲು ಹೂವು ತುಂಬಿದ ಬಯಲು, ಮನುಷ್ಯರನ್ನು ಕಂಡು ಓಡದ ಭರಲ್ ಹಿಂಡುಗಳು. ಭರಲ್ ಎಂದರೆ ನೀಲಿಕುರಿ ಎನ್ನುವ ಕಾಡುಪ್ರಾಣಿ. ಸುತ್ತುಗೋಡೆ ಮಳೆಮೋಡವನ್ನು ಬಹುಮಟ್ಟಿಗೆ ತಡೆಯುವುದರಿಂದ ಒಳಗೆ ಹವೆ ಒಣಗಿದ್ದು. ಗೋಡೆಯ ಹೊರಗೆ ಮುಂಗಾರು ಹೊಯ್ಯುವಾಗಲೂ ಒಳಗೆ ಅಷ್ಟಿಲ್ಲ. ಇದನ್ನೆಲ್ಲ ಓದುವಾಗ ಯಾರಿಗೂ ಖುಷಿಯಾಗ್ತದೆ. ನನಗೂ ಆಗಿದೆ.

3. ಕುರಿದಾರಿ ಎಲ್ಲಿಗೆ ಹೋಯಿತು?

ತೊಡಕು ಇಲ್ಲಿಂದ ಶುರು. ಪುಸ್ತಕದ ಸಂತೋಷ ನಿಂತಿರುವುದು 'ನಮಗಿಂತ ಮುಂಚೆ ಇಲ್ಲಿ ಯಾರೂ ಬಂದಿಲ್ಲ' ಎಂಬ ಭಾವನೆಯ ಮೇಲೆ. ಒಳ ಅಂಗಳದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಹೊರ ಅಂಗಳ? ಕಮರಿಯ ಬಾಯಿಯ ಸುತ್ತ ಲಾತಾ, ರೇಣಿ, ತೋಲ್ಮಾ, ಪೇಂಗ್ ಎಂಬ ಹಳ್ಳಿಗಳಿವೆ. ಅಲ್ಲಿಯ ಭೋಟಿಯಾ ಜನ ಬೇಸಿಗೆಯಲ್ಲಿ ಧರಾಂಸಿ, ದಿಬ್ರುಗೇಟಾ ಹುಲ್ಲುಗಾವಲುಗಳಿಗೆ ಕುರಿ-ಆಡು ಹೊಡೆದುಕೊಂಡು ಹೋಗುತ್ತಿದ್ದರು. ಹೊರಗಿನಿಂದ ಬಂದ ತಂಡಗಳು ಅಲ್ಲಿಯ ತನಕ ನಡೆದದ್ದು ಇವರ ಕುರಿದಾರಿಯಲ್ಲೇ.

ಹೆಸರುಗಳೇ ಸಾಕ್ಷಿ. 'ಲಾತಾ ಖರಕ್' ಎಂಬಲ್ಲಿಯ 'ಖರಕ್' ಅಂದರೆ ಬೇಸಿಗೆಯಲ್ಲಿ ದನಕರು ಮೇಯಿಸುವ ಬೀಡು. ಎತ್ತರದ ಹುಲ್ಲುಗಾವಲಿಗೆ 'ಬುಗ್ಯಾಲ್'. ತೊರೆಗೆ 'ಗಾಡ್'. ಹಿಮನದಿಗೆ ಗಢವಾಲದಲ್ಲಿ 'ಬಾಮಕ್' ಎನ್ನುತ್ತಾರೆ. ಹೆಸರಿಟ್ಟವನು ಅಲ್ಲಿ ನಿಂತು ನೋಡಿರಬೇಕಲ್ಲ? ಅದೂ ಒಮ್ಮೆ ಅಲ್ಲ, ಪ್ರತಿ ವರ್ಷ, ತಲೆಮಾರುಗಟ್ಟಲೆ. ಆದರೆ ಪುಸ್ತಕದ ಕತೆಯಲ್ಲಿ ಕುರಿದಾರಿ ಮುಗಿದ ಕಡೆ ನಿಜವಾದ ಪ್ರಯಾಣ ಶುರುವಾಗುತ್ತದೆ. ಕುರಿದಾರಿ ಬರೀ ಪೀಠಿಕೆ. ಬರಹದ ವಿನ್ಯಾಸವೇ ಹೀಗೆ: ಜನ ಇರುವ ಭಾಗ 'ದಾರಿ', ಜನ ಇಲ್ಲದ ಭಾಗ 'ಜಾಗ'.

ಇದನ್ನು ನಾನು ಶಿಪ್ಟನ್ ಮಾಡಿದ ಮೋಸ ಅಂತ ಹೇಳುವುದಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ. ನಾನು ಹೇಳುವುದು, ಈ ವಿನ್ಯಾಸ ಮುಂದೆ ಬಂದ ಎಲ್ಲರಿಗೂ ಕನ್ನಡಕವಾಯಿತು ಅಂತ.

4. ಹೋಗದಿರುವುದೂ ಒಂದು ತಿಳಿವಳಿಕೆ

ಒಳ ಅಂಗಳಕ್ಕೆ ಹಳ್ಳಿಯವರು ಯಾಕೆ ಹೋಗಲಿಲ್ಲ? ದಾರಿ ಕಷ್ಟ, ಸರಿ. ಅದರ ಜೊತೆ ಇನ್ನೊಂದು ಉಂಟು. ನಂದಾ ಗಢವಾಲ ಮತ್ತು ಕುಮಾಂವ್‌ನ ಮನೆಮಗಳು. ಪಾರ್ವತಿಯೇ ನಂದಾ. ಅವಳನ್ನು ಅಲ್ಲಿಯವರು 'ಧಿಯಾಣಿ' ಎಂದು ಕರೆಯುತ್ತಾರೆ, ಅಂದರೆ ಮದುವೆ ಮಾಡಿ ಹೊರಗೆ ಕೊಟ್ಟ ಮಗಳು. ಹನ್ನೆರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ನಡೆಯುವ ನಂದಾದೇವಿ ರಾಜಜಾತ್ ಯಾತ್ರೆ ಅವಳನ್ನು ತವರಿನಿಂದ ಗಂಡನ ಮನೆಗೆ ಕಳಿಸಿಕೊಡುವ ಯಾತ್ರೆ. ನೌಟಿ ಎಂಬ ಹಳ್ಳಿಯಿಂದ ಹೊರಟು, ರೂಪಕುಂಡವನ್ನು ದಾಟಿ, ತ್ರಿಶೂಲದ ಬುಡದ ಹೋಮಕುಂಡಕ್ಕೆ ಹೋಗ್ತದೆ. ಮುಂದೆ ನಾಲ್ಕು ಕೊಂಬಿನ ಒಂದು ಟಗರು. ಹೋಮಕುಂಡದಲ್ಲಿ ಅದರ ಬೆನ್ನಿಗೆ ಮಗಳ ಬಳುವಳಿ ಕಟ್ಟಿ ಬಿಟ್ಟುಬಿಡುತ್ತಾರೆ. ಅದು ಒಂಟಿಯಾಗಿ ಮೇಲೆ ಹೋಗ್ತದೆ. ಜನ ಅಳುತ್ತಾ ಹಿಂದೆ ಬರುತ್ತಾರೆ. ಕಳೆದ ಯಾತ್ರೆಗಳಲ್ಲಿ ಒಂದು 2000ದಲ್ಲಿ, ಇನ್ನೊಂದು 2014ರಲ್ಲಿ ನಡೆಯಿತು. ವಿಲಿಯಂ ಸ್ಯಾಕ್ಸ್ ಈ ಯಾತ್ರೆಗಳ ಬಗ್ಗೆ 1991ರಲ್ಲಿ 'ಮೌಂಟನ್ ಗಾಡೆಸ್' ಎಂಬ ಅಧ್ಯಯನವನ್ನೇ ಪ್ರಕಟಿಸಿದ್ದಾರೆ.

ಇದು ನಮಗೆ ಅಪರಿಚಿತ ಭಾವ ಅಲ್ಲ. ನಮ್ಮಲ್ಲಿ ಗೌರಿ ಹಬ್ಬಕ್ಕೆ ಗೌರಿ ತವರಿಗೆ ಬರುತ್ತಾಳೆ, ಮರುದಿನ ಮಗ ಗಣಪತಿ ಕರೆದುಕೊಂಡು ಹೋಗಲಿಕ್ಕೆ ಬರುತ್ತಾನೆ. ಅವಳೇ ಇವಳು. ಹರಿಹರನ 'ಗಿರಿಜಾ ಕಲ್ಯಾಣ' ಓದಿದವರಿಗೆ ಹಿಮವಂತ ಮೊದಲು ಒಬ್ಬ ಅಪ್ಪ, ಆಮೇಲೆ ಬೆಟ್ಟ. ವ್ಯತ್ಯಾಸ ಏನೆಂದರೆ ನಮಗೆ ಗಂಡನ ಮನೆ ಎಲ್ಲೋ ದೂರದ ಕೈಲಾಸ. ಗಢವಾಲದವರಿಗೆ ಆ ದಾರಿಯ ಪ್ರತಿ ತಿರುವೂ ಹೆಸರಿಟ್ಟು ಗೊತ್ತು.

ಈಗ ಎರಡು ಭೂಗೋಳಗಳನ್ನು ಪಕ್ಕ ಪಕ್ಕ ಇಡಿ. ಶಿಪ್ಟನ್‌ರ ಭೂಗೋಳದಲ್ಲಿ ಗೋಡೆಯ ಆಚೆ ಇರುವುದು ಯಾರಿಗೂ ತಿಳಿಯದ ಜಾಗ. ರಾಜಜಾತ್‌ನ ಭೂಗೋಳದಲ್ಲಿ ಗೋಡೆಯ ಆಚೆ ಇರುವುದು ಮಗಳ ಮನೆ. ಮಗಳ ಗಂಡನ ಮನೆಗೆ ಹೇಳದೆ ಕೇಳದೆ ನುಗ್ಗುವವರು ಯಾರು? ಹೊಸ್ತಿಲ ತನಕ ಕಳಿಸಿ ಬರುವುದೇ ಮರ್ಯಾದೆ. ನಮ್ಮ ಊರಿನ ನಾಗಬನಕ್ಕೆ ಯಾರೂ ಕತ್ತಿ ಹಿಡಿದು ಹೋಗುವುದಿಲ್ಲ; ಹಾಗಂತ ಅದನ್ನು ಯಾರಿಗೂ ಗೊತ್ತಿಲ್ಲದ ಜಾಗ ಎಂದು ಯಾರಾದರೂ ಬರೆದರೆ ನಮ್ಮ ಅಜ್ಜಿ ನಗುವುದಿಲ್ಲವಾ? ಪರ್ವತ ಸಾಹಿತ್ಯ 'ಯಾರೂ ಹೋಗಿಲ್ಲ' ಎಂಬುದನ್ನು 'ಯಾರಿಗೂ ಗೊತ್ತಿಲ್ಲ' ಎಂದು ತಿರುಗಿಸಿಕೊಂಡಿತು. ಈ ಎರಡು ವಾಕ್ಯಗಳ ನಡುವಿನ ಅಂತರವೇ ಇವತ್ತಿನ ನನ್ನ ವಿಷಯ.

ಇಲ್ಲಿ ನಾನು ಹಳ್ಳಿಯ ಕತೆ ನಿಜ, ಸಾಹೇಬರ ಕತೆ ಸುಳ್ಳು ಅಂತ ಸುಲಭ ಮಾಡಿಕೊಳ್ಳುವುದಿಲ್ಲ. ಹೋಮಕುಂಡದ ಕತೆ ಹಿಮನದಿ ಎಷ್ಟು ದಪ್ಪ ಎಂದು ಹೇಳುವುದಿಲ್ಲ. ಶಿಪ್ಟನ್ ಹೊತ್ತು ನಡೆದ ಸಮತಲ ಫಲಕದ ಅಳತೆ, 1936ರಲ್ಲಿ ಸರ್ವೆ ಆಫ್ ಇಂಡಿಯಾದ ಗಾರ್ಡನ್ ಆಸ್ಮಸ್ಟನ್ ಜೊತೆ ಅವರು ಮತ್ತೆ ಒಳಗೆ ಹೋಗಿ ಮಾಡಿಸಿದ ನಕ್ಷೆಯ ಕೆಲಸ, ಇವು ಬೇಕಾದ ತಿಳಿವಳಿಕೆಯೇ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಇಲ್ಲದಂತಾದದ್ದು ನಷ್ಟ.

5. ಪುಸ್ತಕದ ಮಾತು ಕಾನೂನಾದಾಗ

ಮುಂದಿನದನ್ನು ಸ್ವಲ್ಪ ಬೇಗ ಹೇಳ್ತೇನೆ. 1962ರ ಯುದ್ಧದ ನಂತರ ಟಿಬೆಟ್ ಗಡಿ ಮುಚ್ಚಿತು. ನೀತಿ ಕಣಿವೆಯ ಭೋಟಿಯಾಗಳ ಹಳೆಯ ವ್ಯಾಪಾರ ನಿಂತಿತು. 1965ರಲ್ಲಿ ಅಮೆರಿಕದ ಸಿಐಎ ಮತ್ತು ನಮ್ಮ ಗುಪ್ತಚರ ಇಲಾಖೆ ಸೇರಿ, ಚೀನಾದ ಕ್ಷಿಪಣಿ ಪರೀಕ್ಷೆ ಗಮನಿಸಲಿಕ್ಕೆ ಪ್ಲುಟೋನಿಯಂನಿಂದ ನಡೆಯುವ ಯಂತ್ರವೊಂದನ್ನು ಶಿಖರದ ಮೇಲೆ ಇಡಲು ಹೊರಟವು. ಹವೆ ಕೆಟ್ಟಿತು, ನಡುದಾರಿಯಲ್ಲಿ ಬಿಟ್ಟು ಬಂದರು, ಮರುವರ್ಷ ಹೋದಾಗ ಇರಲಿಲ್ಲ. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಇದನ್ನು ಸಂಸತ್ತಿನಲ್ಲಿ ಒಪ್ಪಿಕೊಂಡರು. 'ಯಾರೂ ಇಲ್ಲದ ಜಾಗ' ಎಂದು ನಂಬಿದವರಿಗಷ್ಟೇ ಇಂಥ ಯೋಚನೆ ಬರಲು ಸಾಧ್ಯ. ಕೆಳಗೆ ನೀರು ಕುಡಿಯುವವರು ಲೆಕ್ಕದಲ್ಲೇ ಇರಲಿಲ್ಲ.

1974ರ ಮಾರ್ಚ್ 26ರಂದು ರೇಣಿಯಲ್ಲಿ ಸುಮಾರು ಎರಡೂವರೆ ಸಾವಿರ ಮರ ಕಡಿಯಲು ಗುತ್ತಿಗೆದಾರರ ಆಳುಗಳು ಬಂದರು. ಗಂಡಸರು ಜಮೀನಿನ ಪರಿಹಾರ ಕೊಡುತ್ತಾರೆಂದು ಚಮೋಲಿಗೆ ಹೋಗಿದ್ದರು. ಗೌರಾದೇವಿ ಮತ್ತು ಇಪ್ಪತ್ತೇಳು ಮಂದಿ ಹೆಂಗಸರು, ಹುಡುಗಿಯರು ಅಡ್ಡ ನಿಂತರು. ಚಿಪ್ಕೋ ಎಂದು ಜಗತ್ತಿಗೆ ಗೊತ್ತಾದದ್ದು ಅದು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಅಪ್ಪಿಕೋ ಆಗಿ ಕನ್ನಡಕ್ಕೂ ಬಂತು. ನಾವೆಲ್ಲ ಪರಿಸರದ ಪಾಠದಲ್ಲಿ ರೇಣಿಯ ಹೆಸರು ಓದಿದ್ದೇವೆ. ಆದರೆ ರೇಣಿ ಇರುವುದು ಋಷಿಗಂಗೆಯ ಕಮರಿಯ ಬಾಯಲ್ಲಿ, ಶಿಪ್ಟನ್‌ರ ಬಾಗಿಲ ಬುಡದಲ್ಲಿ ಎಂದು ಎಷ್ಟು ಜನ ಜೋಡಿಸಿ ಓದಿದ್ದೇವೆ? ನಾನಂತೂ ಬಹಳ ತಡವಾಗಿ.

ಅದೇ 1974ರಲ್ಲಿ ಕಣಿವೆಯನ್ನು ವಿದೇಶಿ ತಂಡಗಳಿಗೆ ಮತ್ತೆ ತೆರೆದರು. ತಂಡದ ಮೇಲೆ ತಂಡ ಬಂತು. ಜೂನಿಪರ್ ಪೊದೆ ಒಲೆಗೆ ಹೋಯಿತು, ಕಸ ಬಿತ್ತು, ಕಸ್ತೂರಿ ಮೃಗದ ಬೇಟೆ ನಡೆಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಅದರ ಬೆನ್ನಿಗೇ ಬಾಗಿಲು ಮುಚ್ಚಿತು, ಆರೋಹಿಗಳಿಗೂ ಕುರಿಗಾಹಿಗಳಿಗೂ. 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನೋಡಿ, ಕೆಡಿಸಿದವರು ಹೊರಗಿನವರು. ಹೊರಗೆ ಹಾಕಿದ್ದು ಇಬ್ಬರನ್ನೂ ಒಟ್ಟಿಗೆ. ಕಾನೂನಿನ ಕಣ್ಣಿಗೆ ಲಾತಾದ ಕುರಿಗಾಹಿಯೂ ಪರದೇಶದ ಆರೋಹಿಯೂ ಒಂದೇ, 'ಮಾನವ ಹಸ್ತಕ್ಷೇಪ'. ಈ ಸಮೀಕರಣ ಎಲ್ಲಿಂದ ಬಂತು? ನಿರ್ಜನವಾಗಿರುವುದೇ ಈ ಭೂಮಿಯ ನಿಜಸ್ಥಿತಿ ಎಂಬ ನಂಬಿಕೆಯಿಂದ. ಆ ನಂಬಿಕೆಗೆ ಸುಂದರವಾದ ಗದ್ಯ ಕೊಟ್ಟವರಲ್ಲಿ ಶಿಪ್ಟನ್ ಒಬ್ಬರು. 1998ರಲ್ಲಿ ಲಾತಾದವರು 'ಝಪ್ಟೋ ಛೀನೋ', ಎಂದರೆ 'ಎರಗಿ ಕಸಿದುಕೋ', ಎಂಬ ಹೆಸರಿನಲ್ಲಿ ಉದ್ಯಾನದೊಳಗೆ ನಡೆದು ಹೋದರು. 2001ರಲ್ಲಿ ತಮ್ಮದೇ ಘೋಷಣಾಪತ್ರ ಹೊರಡಿಸಿದರು. ಆಮೇಲೆ ಹೊರ ಅಂಚಿನ ಒಂದು ಸಣ್ಣ ದಾರಿಯನ್ನು ಸೀಮಿತ ಸಂಖ್ಯೆಯ ಚಾರಣಿಗರಿಗೆ ತೆರೆದರು.

6. 2021: ಪದದ ತಪ್ಪು

2021ರ ಫೆಬ್ರವರಿ 7, ಭಾನುವಾರ ಬೆಳಗ್ಗೆ. ಋಷಿಗಂಗೆಯಲ್ಲಿ ಪ್ರವಾಹ. ರೇಣಿಯ ಬಳಿಯ 13.2 ಮೆಗಾವ್ಯಾಟ್ ಜಲವಿದ್ಯುತ್ ಸ್ಥಾವರ ಕೊಚ್ಚಿಹೋಯಿತು. ಕೆಳಗೆ ಧೌಲಿಗಂಗೆಯಲ್ಲಿ ಕಟ್ಟುತ್ತಿದ್ದ 520 ಮೆಗಾವ್ಯಾಟ್ ತಪೋವನ-ವಿಷ್ಣುಗಾಡ್ ಯೋಜನೆಯ ಸುರಂಗಕ್ಕೆ ಕೆಸರು ನುಗ್ಗಿತು. ಸತ್ತವರು, ಕಾಣೆಯಾದವರು ಸೇರಿ ಇನ್ನೂರಕ್ಕೂ ಹೆಚ್ಚು. ಬಹುಪಾಲು ಕೂಲಿ ಕೆಲಸಕ್ಕೆ ಬಂದವರು.

ನಮ್ಮ ಪತ್ರಿಕೆ, ಟಿವಿಗಳಲ್ಲಿ ಅವತ್ತು ಓಡಿದ ಪದ 'ಹಿಮನದಿ ಸ್ಫೋಟ'. ಹಿಮನದಿ ಪಟಾಕಿ ಅಲ್ಲ, ಸ್ಫೋಟವಾಗುವುದಿಲ್ಲ. ಹಿಮಸರೋವರದ ಕಟ್ಟೆ ಒಡೆದು ನೆರೆ ಬರುವುದುಂಟು, ಆದರೆ ಅವತ್ತು ನಡೆದದ್ದು ಅದೂ ಅಲ್ಲ. ವಿಜ್ಞಾನಿಗಳು ಉಪಗ್ರಹ ಚಿತ್ರ ಹಿಡಿದು ಅದೇ ವರ್ಷ ತೋರಿಸಿದ್ದು ಇಷ್ಟು: ರೋಂಟಿ ಶಿಖರದ ಉತ್ತರ ಮುಖದಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ನೀರ್ಗಲ್ಲು ಒಂದೇ ತುಂಡಾಗಿ ಕಳಚಿ, ಸುಮಾರು 1,800 ಮೀಟರ್ ಕೆಳಗೆ ರೋಂಟಿ ಗಾಡ್ ಕಣಿವೆಗೆ ಬಿತ್ತು. ಅದರಲ್ಲಿ ಸುಮಾರು 80 ಪಾಲು ಬಂಡೆ, 20 ಪಾಲು ನೀರ್ಗಲ್ಲು. ಬೀಳುವಾಗ ಉಜ್ಜಾಟದ ಬಿಸಿಗೆ ನೀರ್ಗಲ್ಲು ಬಹುತೇಕ ಕರಗಿ, ಬಂಡೆ ಪುಡಿಯಾಗಿ, ಎರಡೂ ಸೇರಿ ಕೆಸರಿನ ಗೋಡೆಯಾಗಿ ಹರಿಯಿತು.

ಪದ ತಪ್ಪಿದರೆ ಏನಾಯಿತು ಅಂತ ಕೇಳಬಹುದು. 'ಹಿಮನದಿ ಸ್ಫೋಟ' ಎಂದರೆ ತಪ್ಪು ಎಲ್ಲೋ ಮೇಲೆ, ಯಾರೂ ಇಲ್ಲದ ಜಾಗದಲ್ಲಿ, ಪ್ರಕೃತಿಯ ಕೋಪ, ನಾವೇನು ಮಾಡುವುದು ಅಂತ ಕೈ ತೊಳೆದುಕೊಳ್ಳಬಹುದು. ಬಂಡೆ ಕಳಚಿದ್ದಕ್ಕೆ ಸ್ಥಾವರ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅದು ಬೀಳುವ ದಾರಿಯಲ್ಲಿ, ಇಡೀ ಕೋಟೆಯ ಒಂದೇ ಬಾಗಿಲಿನಲ್ಲಿ, ಜನರನ್ನು ತಂದು ನಿಲ್ಲಿಸಿದ್ದು ಯಾರು? 2019ರಲ್ಲೇ ರೇಣಿಯ ಕಡೆಯಿಂದ ಆ ಯೋಜನೆಯ ಸ್ಫೋಟಕ ಬಳಕೆಯ ವಿರುದ್ಧ ಉತ್ತರಾಖಂಡ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಮೇಲಿನ ಕಾಡಿಗೆ ಹೋಗಬಾರದು, ಯಾಕೆಂದರೆ ಅದು ಮುಟ್ಟಬಾರದ ಪ್ರಕೃತಿ. ಕೆಳಗಿನ ಹೊಳೆಗೆ ಅಣೆಕಟ್ಟು ಹಾಕಬಹುದು, ಯಾಕೆಂದರೆ ಅದು ಅಭಿವೃದ್ಧಿ. ಒಂದೇ ನೀರಿನ ಎರಡು ತುದಿಗೆ ಎರಡು ನ್ಯಾಯ. ನಡುವೆ ಸಿಕ್ಕಿದ್ದು 1974ರಲ್ಲಿ ಕಾಡು ಉಳಿಸಿದ ಹಳ್ಳಿ.

ಮೊದಲು ಹೇಳಿದ ಎರಡು 'ಕಾಣದಿರುವಿಕೆ' ಇಲ್ಲಿ ಬಂದು ಸೇರ್ತದೆ. ಮೇಲೆ ನಿಂತವನಿಗೆ ಊರು ಕಾಣುವುದಿಲ್ಲ, ಕೆಳಗೆ ನಿಂತವನಿಗೆ ಮೇಲಿನ ಹಿಮ ಕಾಣುವುದಿಲ್ಲ. ಆದರೆ ನೀರಿಗೆ ಎರಡೂ ಗೊತ್ತು.

7. ಅಳತೆಗೋಲು

ಹಾಗಾದರೆ ಇಂಥ ಪುಸ್ತಕವನ್ನು ಓದುವುದು ಹೇಗೆ? ನಾನು ಕಂಡುಕೊಂಡ ಅಳತೆಗೋಲು ಸರಳ. ಒಂದು ಪರ್ವತ ಕಥನ ಎಷ್ಟು ಎತ್ತರ ಹತ್ತಿತು ಎಂದು ಕೇಳುವ ಜೊತೆಗೆ, ಅದು ಎಷ್ಟು ಕೆಳಗೆ ಇಳಿದು ನೋಡಿತು ಎಂದೂ ಕೇಳಬೇಕು. ಅಲ್ಲಿಂದ ಹೊರಡುವ ನೀರು ಯಾರ ಅಂಗಳಕ್ಕೆ ಹೋಗ್ತದೆ ಎಂಬ ಪ್ರಶ್ನೆ ಆ ಬರಹಕ್ಕೆ ಹೊಳೆದಿದೆಯಾ? ಶಿಪ್ಟನ್ ಈ ಪರೀಕ್ಷೆಯಲ್ಲಿ ಅರ್ಧ ಪಾಸು. ಹಿಮನದಿ, ಕಮರಿ, ಹುಲ್ಲುಗಾವಲು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ಅವರಷ್ಟು ಚೆನ್ನಾಗಿ ನೋಡಿದವರು ಕಡಿಮೆ. ಆ ನೋಟ ಕಮರಿಯ ಬಾಯಲ್ಲಿ ನಿಂತುಬಿಟ್ಟಿತು.

ಇದು ಗಡಿನಾಡಿನ ನಮಗೆ ಯಾಕೆ ಬೇಕು? ಮಹಾಜನ ಆಯೋಗ ತನ್ನ ವರದಿಯಲ್ಲಿ ಚಂದ್ರಗಿರಿ ಹೊಳೆಯನ್ನು ಗೆರೆಯಾಗಿ ಹಿಡಿಯಿತು. ಹೊಳೆಯ ಎರಡೂ ದಡದಲ್ಲಿ ಬದುಕುವವರಿಗೆ ಗೊತ್ತು, ಕಾಗದದ ಗೆರೆ ಯಾವ ದಿಕ್ಕಿನಲ್ಲಿ ಬಿದ್ದರೂ ಹೊಳೆ ಮಾತ್ರ ಕೊಡಗಿನಿಂದ ಕಡಲಿಗೇ ಹೋಗ್ತದೆ. ಗೆರೆಯ ಎರಡೂ ಬದಿಯನ್ನು ಒಟ್ಟಿಗೆ ನೋಡುವ ಅಭ್ಯಾಸ ನಮಗೆ ಬದುಕಿನಿಂದ ಬಂದದ್ದು. ಅದನ್ನು ಓದಿಗೂ ತರಬಹುದು ಎಂಬುದಷ್ಟೇ ನನ್ನ ಮಾತು. ನಮಸ್ಕಾರ.

ಸಂವಾದ

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ): ಸರ್, ಶಿಪ್ಟನ್ ಬರೆದದ್ದು 1936ರಲ್ಲಿ. 2021ರ ದುರಂತವನ್ನು ಹಿಡಿದು ಅವರನ್ನು ಅಳೆಯುವುದು ಅನ್ಯಾಯ ಅಲ್ಲವಾ?

ಉತ್ತರ: ಅವರನ್ನು ಅಪರಾಧಿ ಮಾಡಿದರೆ ಖಂಡಿತ ಅನ್ಯಾಯ. ನಾನು ಅಳೆಯುವುದು ಪುಸ್ತಕದ ನಂತರದ ಬದುಕನ್ನು. ಒಂದು ಒಳ್ಳೆಯ ಪುಸ್ತಕದ ಮಾತು ಲೇಖಕ ಸತ್ತ ಮೇಲೂ ಕೆಲಸ ಮಾಡ್ತಾ ಇರ್ತದೆ. ಕೆಟ್ಟ ಪುಸ್ತಕ ಆಗಿದ್ದರೆ ನಾವು ಈ ಚರ್ಚೆಯನ್ನೇ ಮಾಡುತ್ತಿರಲಿಲ್ಲ. ನೀವು ಹೇಳಿದ್ದರಲ್ಲಿ ಒಂದು ಎಚ್ಚರಿಕೆ ಉಂಟು, ಅದನ್ನು ಒಪ್ಪುತ್ತೇನೆ: ಈಗ ನಾವು ಬರೆಯುವುದರಲ್ಲೂ ಯಾರೋ ಬಿಟ್ಟುಹೋಗಿರುತ್ತಾರೆ.

ಪ್ರಶ್ನೆ (ಭೂಗೋಳ ವಿಭಾಗದ ಅಧ್ಯಾಪಕರು): ಉದ್ಯಾನ ಮುಚ್ಚಿದ್ದರಿಂದ ಸಸ್ಯ, ಪ್ರಾಣಿ ಚೇತರಿಸಿಕೊಂಡಿವೆ ಎಂದು 1993ರ ಮತ್ತು 2003ರ ವೈಜ್ಞಾನಿಕ ತಂಡಗಳು ಹೇಳಿವೆ. ಅದನ್ನು ನೀವು ಹಗುರ ಮಾಡಿದಿರಿ ಅನಿಸಿತು.

ಉತ್ತರ: ಸರಿಯಾದ ತಕರಾರು. ಸೇನೆಯ ಎಂಜಿನಿಯರುಗಳ ತಂಡ 1993ರಲ್ಲಿ ಹಳೆಯ ಕಸವನ್ನೂ ಹೊತ್ತು ಹೊರಗೆ ತಂದಿತು. ಒಳ ಅಂಗಳವನ್ನು ದೊಡ್ಡ ತಂಡಗಳಿಗೆ ಮುಚ್ಚಿದ್ದು ಒಳ್ಳೆಯದೇ ಆಯಿತು. ನನ್ನ ಆಕ್ಷೇಪ ಇರುವುದು ಹೊರ ಅಂಗಳದ ಕುರಿದಾರಿಯನ್ನೂ ಅದೇ ಬೀಗದಲ್ಲಿ ಹಾಕಿದ್ದಕ್ಕೆ, ಹಾಕುವಾಗ ಹಳ್ಳಿಯವರನ್ನು ಕೇಳದೆ ಇದ್ದದ್ದಕ್ಕೆ. ಒಳಗೆ ಯಾರೂ ಹೋಗಬಾರದು ಎಂಬ ಕಟ್ಟಳೆಯನ್ನು ಅವರು ಕಾನೂನಿಗಿಂತ ಮೊದಲೇ ಪಾಲಿಸುತ್ತಿದ್ದರು. ಕೇಳಿದ್ದರೆ ಕಾವಲಿಗೆ ಅವರೇ ನಿಲ್ಲುತ್ತಿದ್ದರೋ ಏನೋ.

ಪ್ರಶ್ನೆ (ಸಹಸಂಶೋಧಕ, ಸೊಲ್ಲಾಪುರದಿಂದ): ಕನ್ನಡದಲ್ಲಿ 'ಹಿಮನದಿ' ಪದವನ್ನೇ ಇಟ್ಟುಕೊಳ್ಳಬೇಕಾ? ನಿಮ್ಮ ಮಾತು ಕೇಳಿದ ಮೇಲೆ ಅನುಮಾನ ಬಂತ್ರಿ.

ಉತ್ತರ: ಇಟ್ಟುಕೊಳ್ಳೋಣ, ಬೇರೆ ಪದ ಹುಡುಕುವ ಅಗತ್ಯ ಇಲ್ಲ. ಅದರಲ್ಲಿ 'ನದಿ' ಎಂಬ ಭಾಗ ನನಗೆ ಬಹಳ ಇಷ್ಟ. ನದಿ ಅಂದ ಮೇಲೆ ಅದಕ್ಕೆ ಕೆಳದಂಡೆ ಇರಲೇಬೇಕು, ದಂಡೆಯಲ್ಲಿ ಯಾರೋ ಇರಲೇಬೇಕು. ಪದ ಸರಿಯಾಗಿಯೇ ಉಂಟು. ನಾವು ಅದರ ಮೊದಲ ಅರ್ಧವನ್ನು ಮಾತ್ರ ಓದುತ್ತಾ ಬಂದಿದ್ದೇವೆ.